ಕರಿ ದಾರ

ನವನಗರದ ಪುನರ್ವಸತಿ ಕಚೇರಿಯ ಹಿಂದಿನ ಕೋಣೆಯಲ್ಲಿ
ಪುಟಕ್ಕೆ ಮೂವತ್ತೆರಡು ಪೈಸೆಯಂತೆ
ಮುಳುಗಿದ ಮನೆಗಳನ್ನು ಸ್ಕ್ಯಾನ್ ಮಾಡುತ್ತೇನೆ ನಾನು.

ದಾರ ಬಿಚ್ಚಬೇಕು. ಟಾಚಣಿ ಕೀಳಬೇಕು.
ಗಾಜಿನ ಮೇಲೆ ಬೋರಲು ಹಾಕಿದರೆ
ಹಸಿರು ಬೆಳಕೊಂದು ತಲೆಯಿಂದ ಕಾಲಿನವರೆಗೆ ಸವರಿ ಹೋಗುತ್ತದೆ:
ಮಣ್ಣಿನ ಮನೆ, ಎರಡು ಅಂಕಣ, ತಗಡಿನ ಚಪ್ಪರ, ಬಚ್ಚಲು ಒಂದು.
ಅಂಚಿನಲ್ಲಿ ಯಾರೋ ಸರ್ವೇದವರು
ಪೆನ್ಸಿಲ್ಲಿನಿಂದ ಗೀಚಿದ್ದಾರೆ,
"ಬೇವಿನ ಗಿಡದ ಲೆಕ್ಕ ಬ್ಯಾರೆ ಕೊಡ್ರಿ ಅಂತಾಳ ಮುದುಕಿ."
ಅದಕ್ಕೆ ಕಾಲಂ ಇಲ್ಲ.
ಟಿಪ್ಪಣಿಗೆ ಕೊಟ್ಟ ಜಾಗ ಚಿಕ್ಕದು;
ಗಿಡ ಹಿಡಿಯಿತು, ಮುದುಕಿ ಹೊರಗುಳಿದಳು.

ರೆಕಾರ್ಡ್ ರೂಮಿನ ದಸ್ತಗೀರಸಾಬ ಪಿಂಜಾರರು
ಇಪ್ಪತ್ತೊಂಬತ್ತು ವರ್ಷದ ಕನ್ನಡಕವನ್ನು ಹಣೆಗೇರಿಸಿ
ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು
ನಾನು ಬಿಚ್ಚಿ ಎಸೆದ ದಾರಗಳನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

"ಕೆಂಪಂದ್ರ ಕೋರ್ಟಿಗೆ ಹೋಗಿದ್ದು, ತಂಗಿ.
ಬಿಳೀದಂದ್ರ ರೊಕ್ಕ ಮುಟ್ಟಿದ್ದು.
ಎರಡು ಗಂಟಿದ್ರ ಅಣ್ಣತಮ್ಮರ ಜಗಳ,
ಗಂಟು ಸಡ್ಲಿದ್ರ ಇವತ್ತೋ ನಾಳೆನೋ ಮತ್ತ ಕೇಳಾಕ ಬರೋರದು.
ಕರೆಂಟ್ ಹೋದ್ರೂ ಕೈಯಿಂದ ಓದತಿದ್ದೆ ನಾನು."

"ಕರೀದು?" ಅಂದೆ.
ಅವರು ಚಹಾ ಹೇಳಲು ಎದ್ದರು.

ಮೂರನೇ ವಾರ ಬಂದಳು ನೀಲವ್ವ ಬಾರಕೇರ.
ಕೈಚೀಲದಲ್ಲಿ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನಲ್ಲಿ ಅರ್ಜಿಗಳು,
ಹನ್ನೊಂದು ವರ್ಷದವು, ಒಂದೊಂದರ ಬೆನ್ನಿಗೂ
ಅದೇ ನೇರಳೆ ಸೀಲು: ಕಡತ ಲಭ್ಯವಿಲ್ಲ.
ಗಂಡನ ಹೆಸರು ಕೇಳಿದೆ, ನಾಚಿ ತುಟಿ ಕಚ್ಚಿದಳು.
ಮನೆಯ ನಂಬರು ಕೇಳಿದೆ,
ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಂತೆ ಹೇಳಿದಳು.
ಒತ್ತಿದೆ.
ಉಗುಳು ನುಂಗುವಷ್ಟರಲ್ಲಿ ಬಂತು
ಎಪ್ಪತ್ಮೂರು ಪುಟ. ಮೊದಲ ಪುಟದ ಎಡ ಮೂಲೆಯಲ್ಲಿ
ದಾರ ಕೂತಿದ್ದ ಗುರುತು,
ಎರೆಹುಳು ಹರಿದ ಹಾಗೆ, ಕರ್ರಗೆ.

ಇದು ಸಿಗಬಾರದು ಅಂತ
ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.

ದಸ್ತಗೀರಸಾಬರು ಗೋಡೆಯ ಕಡೆ ತಿರುಗಿದ್ದರು.
ಪ್ರಿಂಟರಿನಿಂದ ಬಂದ ಬಿಸಿ ಹಾಳೆಯನ್ನು
ನೀಲವ್ವ ಗಲ್ಲಕ್ಕೆ ಒತ್ತಿ ಹಿಡಿದಳು.
"ಈಗ ಹಂಚಿನ ಮ್ಯಾಗಿಂದ ತಗದ ರೊಟ್ಟಿ ಇದ್ದಂಗ ಐತಿ."
ಆಮೇಲೆ ಅವರನ್ನು ನೋಡಿ,
"ಸಾಬರ, ನೀವ ಅಲ್ಲೇನು
ಬಂದಾಗೊಮ್ಮೆ ನನಗ ಕುಡ್ಯಾಕ ನೀರು ಕೊಟ್ಟಾವ್ರು?"

ಅವರು ಹೌದೆನ್ನಲಿಲ್ಲ.
ಸಂಜೆ ಬೀಗ ಹಾಕುವಾಗ ಹೇಳಿದರು:
"ಕಟ್ಟು ಅಂದವರೆಲ್ಲ ಬದ್ಲಿ ಆಗಿ ಹೋದ್ರು.
ನಾ ಇಲ್ಲೇ ಉಳದೆ. ಗಂಟು ಮಾತ್ರ ನಂದು."

ಸೋಮವಾರ ಹೊಸ ಆವೃತ್ತಿ ಬಂದಿದೆ.
ಕೆಳಗೆ ಒಂದು ಚೌಕ ಹೆಚ್ಚಾಗಿದೆ,
ಸಾರ್ವಜನಿಕರಿಗೆ ಕಾಣಿಸಲಿ, ಬೇಡ.
ಜೊತೆಗೊಂದು ಪಟ್ಟಿ, ಬರೀ ನಂಬರುಗಳು,
ಕಳಿಸಿದವರ ಸಹಿ ಇಲ್ಲ.
ಒತ್ತಿದವರ ಹೆಸರು ಮಾತ್ರ, ತಾರೀಖು ಗಂಟೆ ಸಮೇತ,
ತಾನೇ ಮೂಡುತ್ತದೆ.
ದಾರಕ್ಕೆ ಹೆಸರಿರಲಿಲ್ಲ.

ಸಾಬರು ನಿನ್ನೆ ನಿವೃತ್ತರಾದರು, ಸೊಲ್ಲಾಪುರದ ಮಗಳ ಮನೆಗೆ ಹೋದರು.
ಸ್ಟೂಲಿನ ಮೇಲೆ ದಾರದ ಉಂಡೆ, ಮುಷ್ಟಿಯಷ್ಟು,
ಕೆಂಪು ಬಿಳಿ ಎಲ್ಲ ಕಲೆತು ಯಾವುದು ಯಾವುದೆಂದು ತಿಳಿಯದು.
ಹನ್ನೆರಡಾಯಿತು. ಇಷ್ಟೊತ್ತಿಗೆ ಆರುನೂರು ಪುಟ ಆಗಬೇಕಿತ್ತು.
ಪಟ್ಟಿಯ ಮೊದಲ ನಂಬರಿನ ಮೇಲೆ ಬಾಣ ನಿಂತಿದೆ.
ಕಿಟಕಿಯ ಆಚೆ ಯಾರೋ ಕೇಳುತ್ತಿದ್ದಾರೆ,
"ಯವ್ವಾ, ಇಲ್ಲಿ ಕುಡ್ಯಾಕ ನೀರು ಎಲ್ಲಿ ಸಿಗತಾವ?"